ಬಾಚಲದೇವಿಯನ್ನು ಕೊಂದ ಮದ್ದು

"ಕೇಳ್ರಪ್ಪೋ ಕೇಳಿ! ತೀರಿಹೋದ ರಾಣಿ ಬಾಚಲದೇವಿಯವರ ತಂಗಿ ಪದುಮಲದೇವಿಯವರು ಮೂರು ಒಗಟು ಇಟ್ಟಿದ್ದಾರೆ. ಬಿಡಿಸಿದವರಿಗೆ ಬಾಯಿಬಿಟ್ಟು ಕೇಳಿದ್ದು ಸಿಗುತ್ತದೆ. ಒಂದು ತಪ್ಪಿದರೂ ತಲೆ ಹೋಗುತ್ತದೆ!"

ಡಂಗುರದ ಕೂಗು ಕೇಳಿ ಊರಾಚೆಯ ಗುಡಿಸಲಲ್ಲಿ ರಾಗಿ ಬೀಸುತ್ತಿದ್ದ ಕಾಳವ್ವನ ಕೈ ನಿಂತಿತು. ಅವಳ ತಾಯಿ ಎಲ್ಲವ್ವ ಅರಮನೆಯ ಸೂಲಗಿತ್ತಿಯಾಗಿದ್ದವಳು. ಬಸಿರಲ್ಲಿ ಸಿಹಿಮೂತ್ರದ ರೋಗ ಹತ್ತಿದ್ದ ರಾಣಿ ಹೆತ್ತ ಮರುದಿನವೇ ಕಣ್ಣು ಮುಚ್ಚಿದಾಗ ರಾಜವೈದ್ಯ ನಾಗದತ್ತ, "ಈ ಸೂಲಗಿತ್ತಿಯೇ ಏನೋ ಬೇರು ತಿನ್ನಿಸಿದಳು" ಎಂದುಬಿಟ್ಟ. ದುಃಖದಲ್ಲಿದ್ದ ಅರಸ ವಿಚಾರಿಸಲಿಲ್ಲ. ಎಲ್ಲವ್ವನನ್ನು ಗಲ್ಲಿಗೇರಿಸಿದರು. ಅದಕ್ಕೆ ಮುಂಚೆ ಸೆರೆಮನೆಯ ಕಂಬಿಯಾಚೆಯಿಂದ ಅವಳು ಮಗಳಿಗೆ ನಡೆದದ್ದನ್ನೆಲ್ಲ ಹೇಳಿದ್ದಳು. ಅಂದಿನಿಂದ ಕಾಳವ್ವ ನಕ್ಕಿದ್ದಿಲ್ಲ.

ಪದುಮಲದೇವಿಗೂ ಅಕ್ಕನ ಸಾವು ಒಳಗೇ ಕುದಿಯುತ್ತಿತ್ತು. ಪರರಾಜ್ಯದ ವೈದ್ಯಶಾಲೆಯಲ್ಲಿ ಕೂತು ಕಲಿತು ಬಂದವಳು ಅವಳು. "ತಿಳಿಯದೆ ಬಸುರಿಯರಿಗೆ ಮದ್ದು ಕೊಡುವ ಒಬ್ಬನೂ ಈ ನಾಡಲ್ಲಿ ಉಳಿಯಬಾರದು" ಎಂದು ಒಗಟು ಹೂಡಿದ್ದಳು.

ಹೆಸರಾಂತ ವೈದ್ಯನೊಬ್ಬ ಬಂದ. ಮೊದಲ ಒಗಟಿಗೆ, "ಗ್ರಹಚಾರ ತಾಯಿ" ಎಂದ. ತಲೆ ಹೋಯಿತು. ಇನ್ನೊಬ್ಬ ಎರಡನೆಯದರ ತನಕ ಬಂದು ತಡವರಿಸಿದ. ಅವನದೂ ಹೋಯಿತು. ಅರಸನ ಪಕ್ಕದಲ್ಲಿ ಕೂತ ನಾಗದತ್ತ ಸುಮ್ಮನೆ ಎಲೆಅಡಿಕೆ ಅಗಿಯುತ್ತಿದ್ದ.

ಆಮೇಲೆ ಯಾರೂ ಮುಂದೆ ಬರಲಿಲ್ಲ. ಕಾಳವ್ವ ಬಂದಳು.

"ಜೀವದ ಮೇಲೆ ಆಸೆ ಇಲ್ಲವೇನೇ ಹುಡುಗಿ?" ಎಂದಳು ಪದುಮಲದೇವಿ.

"ಇದೆ ಅಮ್ಮಣ್ಣಿ. ಅದಕ್ಕಿಂತ ದೊಡ್ಡದು ಇನ್ನೊಂದಿದೆ. ಕೇಳಿ."

ಪದುಮಲದೇವಿ ಕೇಳಿದಳು: "ಒಬ್ಬ ಬಸುರಿಗೆ ಕೊಟ್ಟ ಪುಡಿ ಮೊದಮೊದಲು ನಾಟಿತು. ಹೊಟ್ಟೆ ಬೆಳೆದಂತೆ ಅದೇ ಪುಡಿ, ಅದೇ ಅಳತೆ, ನಾಟದೇ ಹೋಯಿತು. ಕದ್ದವರಿಲ್ಲ, ಚೆಲ್ಲಿದವರಿಲ್ಲ. ಮದ್ದು ಎಲ್ಲಿ ಹೋಯಿತು?"

"ಬಸುರಿಯ ಮೈಯಲ್ಲಿ ನೀರೂ ರಕ್ತವೂ ಹೆಚ್ಚುತ್ತವೆ, ಮದ್ದು ತೆಳುವಾಗುತ್ತದೆ. ಮೂತ್ರಪಿಂಡ ಬೇಗ ಬೇಗ ಸೋಸಿ ಅದನ್ನು ಹೊರಗೆ ಹಾಕುತ್ತದೆ. ಮೊದಲಿನ ಅಳತೆ ಸಾಲುವುದಿಲ್ಲ."

ಪದುಮಲದೇವಿ ಸ್ವಲ್ಪ ಮುಂದಕ್ಕೆ ಬಾಗಿದಳು. "ತಾಯಿಗೆ ಎರಡು ಮದ್ದು ಕೊಟ್ಟರು. ನುಂಗಿದ್ದು ಮಗುವಿನ ತನಕ ಹೋಯಿತು. ಮುಳ್ಳಿನಿಂದ ಚರ್ಮದಡಿ ಇಳಿಸಿದ್ದು ಬಾಗಿಲಲ್ಲೇ ನಿಂತಿತು. ಆ ಬಾಗಿಲು ಯಾವುದು?"

"ಮಾಸು, ಅಮ್ಮಣ್ಣಿ. ಮಗುವಿಗೆ ಅನ್ನ ದಾಟಿಸುವುದೂ ಅದೇ. ಪುಡಿಯನ್ನು ಒಳಗೆ ಬಿಡುತ್ತದೆ, ಮುಳ್ಳುಮದ್ದನ್ನು ತಡೆಯುತ್ತದೆ."

ಪದುಮಲದೇವಿ ಮೂರನೆಯದನ್ನು ಕೇಳಿದಳು. "ತಿಂಗಳುಗಟ್ಟಲೆ ಬಸುರಿಯನ್ನು ಕಾಪಾಡಿದ ಮದ್ದೇ ಹೆತ್ತ ಮರುದಿನ ಅವಳನ್ನು ಕೊಂದಿತು. ಮದ್ದು ಕೆಟ್ಟಿರಲಿಲ್ಲ. ಯಾಕೆ ಕೊಂದಿತು?"

ಕಾಳವ್ವ ನಾಗದತ್ತನ ಮುಖ ನೋಡಿಕೊಂಡೇ ಉತ್ತರ ಕೊಟ್ಟಳು. "ಮಾಸಿನಲ್ಲಿ ಊರುವ ರಸ ಮೈಯನ್ನು ಮದ್ದಿಗೆ ಜಗ್ಗದ ಹಾಗೆ ಮಾಡುತ್ತದೆ. ಅದಕ್ಕೇ ತಿಂಗಳು ತುಂಬಿದಂತೆ ಮುಳ್ಳುಮದ್ದು ಏರಿಸುತ್ತಾ ಹೋಗಬೇಕು. ಹೆರಿಗೆಯಲ್ಲಿ ಮಾಸು ಬಿತ್ತೋ, ಆ ಹಟ ಇಳಿಯಿತು. ಆಗ ಮದ್ದು ನಿಲ್ಲಿಸಬೇಕು. ಇವನು ಏರಿಸಿದ ಅಳತೆಯನ್ನೇ ಮತ್ತೆ ಚುಚ್ಚಿದ. ರಕ್ತದಲ್ಲಿದ್ದ ಸಿಹಿಯೆಲ್ಲ ಬತ್ತಿ ರಾಣಿಯವರು ಬೆವರಿ ನಡುಗಿದರು. ನಮ್ಮವ್ವ ಬೆಲ್ಲದ ನೀರು ತಂದಳು. ಇವನು ಬಟ್ಟಲನ್ನು ಒದ್ದ!"

"ಸುಳ್ಳು!" ನಾಗದತ್ತ ಎದ್ದುನಿಂತ. "ಮುಳ್ಳುಮದ್ದು ಯಾರನ್ನೂ ಕೊಲ್ಲುವುದಿಲ್ಲ ಪ್ರಭೂ."

"ಹಾಗಿದ್ದರೆ ಈಗ ನೀವೇ ಚುಚ್ಚಿಸಿಕೊಳ್ಳಿ," ಎಂದಳು ಪದುಮಲದೇವಿ. "ಅಕ್ಕನಿಗೆ ಕೊಟ್ಟ ಅಳತೆಯೇ ಇರಲಿ."

ಅವನು ಹಿಂದೆ ಸರಿದ. ಅರಸ ಕಣ್ಣಲ್ಲೇ ಸನ್ನೆ ಮಾಡಿದ. ಭಟರು ಹಿಡಿದು ಚುಚ್ಚಿದರು.

ಸಭೆ ಕಾಯಿತು. ಮೊದಲು ಅವನ ಹಣೆ ಒದ್ದೆಯಾಯಿತು. ಆಮೇಲೆ ಕೈ ನಡುಗಿತು, ನಾಲಿಗೆ ತೊದಲಿತು. "ಬೆಲ್ಲ... ಯಾರಾದರೂ ಬೆಲ್ಲ ಕೊಡ್ರೋ!"

ಕಾಳವ್ವ ಬೆಲ್ಲದ ನೀರಿನ ಬಟ್ಟಲು ಹಿಡಿದು ಅವನೆದುರು ಕುಕ್ಕರುಗಾಲಲ್ಲಿ ಕೂತಳು. "ಬೆಲ್ಲವೇ ಇದಕ್ಕೆ ಮದ್ದು ಅಂತ ಗೊತ್ತಿತ್ತು ಹಾಗಾದರೆ. ರಾಣಿಯನ್ನು ಕೊಂದವರು ಯಾರು? ಎಲ್ಲರಿಗೂ ಕೇಳುವ ಹಾಗೆ ಹೇಳು."

"ನಾನೇ... ನಿಮ್ಮವ್ವ ಚುಚ್ಚಬೇಡಿ ಅಂದಳು. ಸೂಲಗಿತ್ತಿಯ ಮಾತು ಕೇಳಿದರೆ ನನ್ನ ಮರ್ಯಾದೆ ಏನಾಗಬೇಕು ಅಂತ... ಕೊಡೇ ತಾಯಿ!"

ಬಟ್ಟಲನ್ನು ಮಣ್ಣಿಗೆ ಸುರಿಯಲು ಅವಳ ಕೈ ತವಕಿಸಿತು. ಅವನ ಕಣ್ಣು ಮೇಲೆ ತಿರುಗುವುದನ್ನು ಒಂದು ಗಳಿಗೆ ಕಣ್ತುಂಬ ನೋಡಿದಳು. ಆಮೇಲೆ ಜುಟ್ಟು ಹಿಡಿದು ತಲೆ ಎತ್ತಿ ಬಟ್ಟಲನ್ನು ತುಟಿಗಿಟ್ಟಳು.

"ಕುಡಿ. ಗಲ್ಲಿನ ತನಕ ನಡೆದು ಹೋಗಬೇಕಲ್ಲ. ನಮ್ಮವ್ವನೂ ನಡೆದೇ ಹೋದಳು."

ಅವನನ್ನು ನಡೆಸಿಕೊಂಡೇ ಹೋದರು.

ಅರಸ ಸಿಂಹಾಸನದಿಂದ ಇಳಿದು ಬಂದ. "ಏನು ಬೇಕು ಕೇಳು ಮಗಳೇ."

"ನನ್ನನ್ನು ಮಗಳು ಅನ್ನಬೇಡಿ ಪ್ರಭೂ," ಎಂದಳು ಕಾಳವ್ವ. "ನಮ್ಮವ್ವನನ್ನು ಹಳ್ಳದ ಬದಿಯಲ್ಲಿ ಎಸೆದಿದ್ದೀರಿ. ಅವಳ ಎಲುಬುಗಳನ್ನು ನೀವೇ ಹೊತ್ತು ತರಬೇಕು, ಬರಿಗಾಲಲ್ಲಿ."

ಅರಸ ಪಾದರಕ್ಷೆ ಕಳಚಿದ.

ಎಲ್ಲವ್ವನನ್ನು ರಾಣಿಯ ಸಮಾಧಿಯ ಮಗ್ಗುಲಲ್ಲೇ ಮಣ್ಣು ಮಾಡಿದರು. ಅರಮನೆಯ ಹೆರಿಗೆಮನೆ ಕಾಳವ್ವನ ವಶಕ್ಕೆ ಬಂತು. ಅವಳು ಇರುವ ತನಕ ಆ ನಾಡಲ್ಲಿ ಬಸುರಿಗೆ ಮದ್ದು ಅಳೆಯುವ ಯಾವ ವೈದ್ಯನೂ ಸೂಲಗಿತ್ತಿಯನ್ನು ಕೇಳದೆ ಮುಳ್ಳು ಎತ್ತಲಿಲ್ಲವಂತೆ.