ಮಿಣಿಗಲ್ಲಿನ ಮೊದಲ ಗುಟುಕು

ಮಿಣಿಗಲ್ಲು ಎಂಬ ಹೆಸರಿನ ಊರುಗಳು ನಮ್ಮ ಸೀಮೆಯಲ್ಲಿ ಮೂರಿವೆ. ಒಂದರಿಂದ ಇನ್ನೊಂದಕ್ಕೆ ಒಂದು ದಿನದ ನಡಿಗೆ. ಬೇರೆ ಬೇರೆ ಜಾತಿಯ ಹತ್ತಾರು ಮನೆತನಗಳಿಗೂ ಅದೇ ಹೆಸರು. ಆ ಹೆಸರು ಹುಟ್ಟಿದ ಕೋಟೆಯಲ್ಲಿ ಮಾತ್ರ ಈಗ ಯಾರೂ ಇಲ್ಲ. ಮುಂಬಾಗಿಲು ಬಿದ್ದುಹೋಗಿದೆ, ಒಳಗೆ ಸೀತಾಫಲದ ಪೊದೆಗಳು ಬೆಳೆದಿವೆ. ಹಿಂಬದಿಯ ಕಡಿದಾದ ಬಂಡೆಯ ಅಂಚಿನಲ್ಲಿ, ಮುಂಗೈ ಹುದುಗುವಷ್ಟು ಆಳಕ್ಕೆ ಸವೆದ ಒಂದು ಗೀರಿದೆ.

ಹಿಂದೆ ಒಮ್ಮೆ, ಸಿರುಮಪ್ಪ ನಾಯಕನೆಂಬ ಪಾಳೆಯಗಾರ ಇಲ್ಲಿದ್ದಾಗ, ಶತ್ರುಗಳು ಎರಡು ತಿಂಗಳು ಕೋಟೆಯನ್ನು ಮುತ್ತಿ ಕುಳಿತಿದ್ದರು ಎನ್ನುತ್ತಾರೆ. ಕಾಳು ಮುಗಿಯಿತು. ಹೊಂಡ ಬತ್ತಿ, ತಲೆಗೊಂದು ಗುಟುಕು ನೀರು ಮಾತ್ರ ಉಳಿಯಿತು. ಬಾಗಿಲಿಗೆ ದಿಮ್ಮಿಯ ಪೆಟ್ಟು ಬೀಳತೊಡಗಿದ ದಿನ ಒಳಗೆ ಉಳಿದವರು ಅರವತ್ತು ಜನ. ಉಳಿದ ದಾರಿ ಹಿಂಬದಿಯ ಬಂಡೆಯೊಂದೇ. ಬಾವಿಯಿಂದ ನೀರೆತ್ತುವ ದಪ್ಪ ಹಗ್ಗಕ್ಕೆ ಮಿಣಿ ಎನ್ನುತ್ತಾರೆ. ಅದನ್ನು ಹೊಸೆಯುವ ಗಾದ್ರಪ್ಪನನ್ನು ನಾಯಕ ಕರೆಸಿ, ಬಂಡೆ ಇಳಿಯಲು ಉದ್ದನೆಯ ಮಿಣಿಯೊಂದನ್ನು ಹೊಸೆಯಲು ಹೇಳಿದ. ಒಣ ಪುಂಡಿನಾರು ಬಂಡೆಗೆ ಉಜ್ಜಿದರೆ ಕಡಿದುಹೋಗುತ್ತದೆ, ನೆನೆಸಲು ನೀರು ಬೇಕು ಎಂದ ಗಾದ್ರಪ್ಪ. “ನಮಗಿಂತ ನಿನ್ನ ಮಿಣಿಗೇ ಬಾಯಾರಿಕೆ ಜಾಸ್ತಿ!” ಎಂದು ಅವನ ಹೆಂಡತಿ ತಿಪ್ಪವ್ವ ಹಂಗಿಸಿದಳು. ಹಾಗೆಂದವಳೇ ಮೊದಲು ತನ್ನ ಪಾಲಿನ ಗುಟುಕನ್ನು ಕೊಡಕ್ಕೆ ಸುರಿದಳು. ಆಮೇಲೆ ಪ್ರತಿ ಮನೆಯವರೂ, ನಾಯಕನ ಮನೆಯವರೂ, ತಮ್ಮ ತಮ್ಮ ಪಾಲು ಸುರಿದರು.

ಹೊಸ ಮಿಣಿಯ ಮೇಲೆ ಮೊದಲ ಭಾರ ಹೊಸೆದವನದೇ ಆಗಬೇಕೆಂಬುದು ಆ ಕಸುಬಿನ ಕಟ್ಟಳೆ. “ಉಪವಾಸ ಬಿದ್ದು ಹುಲ್ಲಾಗಿದ್ದೀಯಲ್ಲೋ ಗಾದ್ರ, ನೀನು ಇಳಿದರೆ ಏನು ಗೊತ್ತಾಗುತ್ತೆ?” ಎಂದ ನಾಯಕ. “ಬೆನ್ನಿಗೆ ಬೀಸೋ ಕಲ್ಲು ಕಟ್ಟಿ, ದೊರೆ. ಬೀಸೋಕೆ ಕಾಳಂತೂ ಇಲ್ಲ.” ಮಿಣಿಯ ಒಂದು ತುದಿಯನ್ನು ಮೇಲಿನ ಗುಂಡುಕಲ್ಲಿಗೆ ಬಿಗಿದು, ಕಲ್ಲು ಹೊತ್ತು ಗಾದ್ರಪ್ಪ ಇಳಿದ. ಮಿಣಿ ಕಿರುಗುಟ್ಟಿತು, ಆದರೂ ಭಾರ ತಡೆಯಿತು. ತಿಪ್ಪವ್ವ ಅಂಚಿನಲ್ಲಿ ಕುಳಿತು, ಹಗ್ಗ ಬಂಡೆಗೆ ತಾಗುವಲ್ಲಿ ಕೊಡದಲ್ಲಿ ಉಳಿದಿದ್ದ ನೀರನ್ನು ಹನಿಸುತ್ತ ಹೋದಳು. ಮಕ್ಕಳನ್ನು ಬೆನ್ನಿಗೆ ಕಟ್ಟಿಕೊಂಡ ತಾಯಂದಿರು ಇಳಿದರು, ಮುದುಕರು ಇಳಿದರು. ಬಾಗಿಲು ಮುರಿದು ಬಿದ್ದ ಸದ್ದಾದಾಗ ಮೇಲೆ ಇದ್ದವರು ನಾಯಕ ಮತ್ತು ತಿಪ್ಪವ್ವ ಇಬ್ಬರೇ. “ಮೊದಲು ನೀನು ಇಳಿಯವ್ವ.” “ನೀರು ಹಾಕೋಕೆ ನಿಮಗೆ ಬರಲ್ಲ ದೊರೆ. ಇಳೀರಿ.” ನಾಯಕ ಇಳಿಯುವಾಗ ಕೊಡದ ಕೊನೆಯ ಹನಿಯೂ ಮಿಣಿಗೆ ಮುಗಿಯಿತು.

ಕೆಳಗಿನಿಂದ ಗಾದ್ರಪ್ಪ ಕೈ ಬೀಸಿ ಕರೆದ. ಹೆಜ್ಜೆಯ ಸದ್ದು ಹತ್ತಿರವಾಗುತ್ತಿತ್ತು. ಅವಳು ಇಳಿದರೆ ಗಂಟು ಬಿಚ್ಚಲು ಮೇಲೆ ಯಾರೂ ಇರುವುದಿಲ್ಲ. ಬಂದವರೂ ಅದೇ ಮಿಣಿ ಹಿಡಿದು ಬೆನ್ನಟ್ಟುತ್ತಾರೆ. ತಿಪ್ಪವ್ವ ಗಂಟು ಬಿಚ್ಚಿದಳು. ಮಿಣಿ ಗಾದ್ರಪ್ಪನ ಕಾಲ ಬಳಿ ಬಂದು ಬಿತ್ತು.

ಅದನ್ನು ಮೂರು ತುಂಡು ಮಾಡಿಕೊಂಡು ಜನ ಮೂರು ದಿಕ್ಕಿಗೆ ಹೋದರು. ನೆಲೆ ನಿಂತ ಊರಿಗೂ ತಮ್ಮ ಮನೆತನಕ್ಕೂ ಮಿಣಿ ಉಜ್ಜಿದ ಆ ಕಲ್ಲಿನ ಹೆಸರನ್ನೇ, ಮಿಣಿಗಲ್ಲು ಎಂದು, ಇಟ್ಟರು. ನಾಯಕ ಕೂಡ ತನ್ನ ವಂಶದ ಹೆಸರು ಬಿಟ್ಟು ಅದನ್ನೇ ಇಟ್ಟುಕೊಂಡನಂತೆ.

ಒಂದೇ ಹಗಲಿನಲ್ಲಿ ಕಲ್ಲು ಅಷ್ಟು ಸವೆಯುತ್ತದೆಯೇ ಎಂದು ಕೇಳಿದರೆ ಆ ಊರುಗಳವರು ಕೇಳಿದವರ ಮುಂಗೈಯನ್ನು ಗೀರಿನೊಳಗೆ ಇಡಿಸುತ್ತಾರೆ. ಮಿಣಿಗಲ್ಲಿನವರು ಯಾರೇ ಕೋಟೆಗೆ ಬಂದರೂ ಕೆಳಗಿನಿಂದ ನೀರು ಹೊತ್ತು ತರುತ್ತಾರೆ, ದಾರಿಯಲ್ಲಿ ಕುಡಿಯುವುದಿಲ್ಲ. ಮೇಲೆ ಬಂದು ಮೊದಲ ಗುಟುಕನ್ನು ಗೀರಿಗೆ ಬಿಡುತ್ತಾರೆ. ಬಿರುಬೇಸಗೆಯಲ್ಲಿ ಹೋದವರಿಗೂ ಅಲ್ಲಿ ಕಲ್ಲು ಒದ್ದೆಯಾಗಿ ಕಾಣುತ್ತದೆ.