ಆವಿಗೆಯ ಅಂಚು

"ಅಯ್ಯನವರೆ, ಕೈ ಸಾಗದವರನ್ನು ಸಂಘದಲ್ಲಿ ಇಟ್ಟುಕೊಳ್ಳುವುದು ಧರ್ಮವೋ, ದಡ್ಡತನವೋ?" ಎಂದು ಬೀರಲಿಂಗ ಕೇಳಿದ.

ಬೀರಲಿಂಗ ಕಂಬಳಿ ನೇಕಾರರ ಸಂಘದ ಮುಖಂಡ. ರೇವಣಯ್ಯನವರು ಆ ನೇಕಾರರಿಗೆಲ್ಲ ಗುರುಮನೆಯ ಹಿರಿಯರು. ಸಂಘದವರು ಉಣ್ಣೆಯನ್ನು ಒಟ್ಟಿಗೆ ಕೊಳ್ಳುತ್ತಿದ್ದರು, ಕಂಬಳಿಯನ್ನು ಒಟ್ಟಿಗೆ ಮಾರುತ್ತಿದ್ದರು, ಬಂದದ್ದನ್ನು ಹಂಚಿಕೊಳ್ಳುತ್ತಿದ್ದರು. ಅಲ್ಲಿ ಯಜಮಾನ ಎಂಬವನೇ ಇರಲಿಲ್ಲ. ಕೆಲಸ ಕೆಟ್ಟಾಗ ಬೈಯಲು ಯಜಮಾನನೊಬ್ಬ ಸಿಗುವುದಿಲ್ಲವಲ್ಲ ಎಂದು ಮೊದಮೊದಲು ಎಲ್ಲರಿಗೂ ಸ್ವಲ್ಪ ಕಷ್ಟವಾಗಿತ್ತು, ಆಮೇಲೆ ರೂಢಿಯಾಯಿತು.

ಈಗ ಪೇಟೆಯ ವ್ಯಾಪಾರಿಯೊಬ್ಬ ಬಂದು, ನಯವಾದ ಕಂಬಳಿ ಎಷ್ಟಿದ್ದರೂ ತಾನೇ ಕೊಳ್ಳುವುದಾಗಿ, ಆದರೆ ಒರಟು ನೂಲಿನವರನ್ನು ಸಂಘದಿಂದ ಬಿಡಬೇಕೆಂದು ಹೇಳಿಹೋಗಿದ್ದ. ಒರಟು ನೂಲು ಎಂದರೆ ಕೆಂಚವ್ವ. ಮುದುಕಿಯ ಕೈ ನಡುಗುತ್ತಿತ್ತು. ಅವಳು ತೆಗೆದ ನೂಲು ಒಂದು ಗೇಣು ಹಗ್ಗವಾದರೆ ಇನ್ನೊಂದು ಗೇಣು ಜೇಡನ ಬಲೆ. ಸಂಘ ಬಿಟ್ಟರೆ ಅವಳ ಒಲೆ ಉರಿಯಲು ಬೇರೆ ದಾರಿ ಇರಲಿಲ್ಲ. ಮಾರನೆಯ ದಿನ ಸಭೆ. ಅಲ್ಲಿ ಆಡಬೇಕಾದ ಮಾತನ್ನು ಬೀರಲಿಂಗ ಆಗಲೇ ಬಾಯಿಪಾಠ ಮಾಡಿದ್ದ. ಗುರುಗಳಿಂದ ಒಂದು 'ಹೂಂ' ಸಿಕ್ಕಿದ್ದರೆ ಸಾಕಿತ್ತು.

ಗುರುಗಳು ಹೂಂ ಎನ್ನಲಿಲ್ಲ. "ನಿನ್ನ ಪುಣ್ಯ ದೊಡ್ಡದು, ತಮ್ಮಾ" ಎಂದರು. "ಇದಕ್ಕೆ ಉತ್ತರ ಬಲ್ಲವರು ಮೂರು ಲೋಕದಲ್ಲಿ ಇಬ್ಬರೇ. ಒಬ್ಬ ಶಿವ. ಅವನು ಧ್ಯಾನಕ್ಕೆ ಕೂತರೆ ಏಳುವುದು ತಡ. ನೀನು ನನ್ನ ಹತ್ತಿರ ಬಂದದ್ದೇ ಒಳ್ಳೆಯದಾಯಿತು."

ಹಾಗೆಂದು ಗೋಡೆಗೆ ಒರಗಿ ಕತೆಗೆ ಕೂತರು.

ಕುಂಬಾರರ ಕೇರಿಯೊಂದಿತ್ತು. ಇಡೀ ಕೇರಿಗೆ ಒಂದೇ ಆವಿಗೆ. ಯಾರು ಏನೇ ಮಾಡಲಿ, ಸುಡುವುದು ಅದರಲ್ಲೇ, ಮಾರುವುದು ಒಟ್ಟಿಗೆ. ಆ ಕೇರಿಯಲ್ಲಿ ಹೂಜಿ ಮಾಡುವ ಒಬ್ಬ ಕುಂಬಾರನಿದ್ದ. ಅವನ ಹೂಜಿಯ ಹೊಳಪಿನಲ್ಲಿ ಮುಖ ನೋಡಿಕೊಂಡು ಊರ ಗಂಡಸರು ಮೀಸೆ ತಿದ್ದಿಕೊಳ್ಳುತ್ತಿದ್ದರು. ಅದರ ನೀರು ಕುಡಿದರೆ ಕಡುಬೇಸಿಗೆಯಲ್ಲೂ ನೆಗಡಿಯಾಗುತ್ತಿತ್ತು. ಇದು ಸುಳ್ಳಲ್ಲವೆಂದೂ, ಮೂರು ಊರಿಗೆ ಕೇಳುವಂತೆ ಸೀನಿದವರು ತಾವೇ ಎಂದೂ ರೇವಣಯ್ಯನವರು ಆಣೆ ಇಟ್ಟು ಹೇಳಿದರು.

ಅದೇ ಕೇರಿಯಲ್ಲಿ ಒಬ್ಬ ಮುದುಕಿ. ದನಗಳಿಗೆ ಕಲಗಚ್ಚು ಇಡುವ ಬಾನಿ ಬಿಟ್ಟು ಅವಳ ಕೈಯಲ್ಲಿ ಬೇರೇನೂ ಏಳುತ್ತಿರಲಿಲ್ಲ. ಅದೂ ದಪ್ಪ, ಅದೂ ಸೊಟ್ಟ. ಎಮ್ಮೆಗಳು ಸಹ ಆ ಬಾನಿಯನ್ನು ಒಮ್ಮೆ ಸುತ್ತಿ ನೋಡಿಯೇ ಬಾಯಿ ಹಾಕುತ್ತಿದ್ದವು. ಆವಿಗೆ ಜೋಡಿಸುವಾಗ ಹೂಜಿಗಳು ನಡುವೆ, ಅವುಗಳ ಸುತ್ತ ಮಡಕೆ ಕುಡಿಕೆ, ಎಲ್ಲಕ್ಕಿಂತ ಹೊರಗೆ ಮುದುಕಿಯ ಬಾನಿ. ಅದು ಹಿಂದಿನಿಂದ ನಡೆದು ಬಂದ ಪದ್ಧತಿ. ಯಾಕೆ ಎಂದು ಯಾರೂ ಕೇಳಿರಲಿಲ್ಲ. ಚೆಂದದವರನ್ನು ಒಳಗೆ ಕೂರಿಸುವುದು, ಉಳಿದವರನ್ನು ಚಪ್ಪರದ ಕೊನೆಗೆ ಕೂರಿಸುವುದು ಮದುವೆ ಮನೆಯಲ್ಲೂ ಉಂಟಲ್ಲ ಎಂದು ಕುಂಬಾರ ತಿಳಿದಿದ್ದ.

ಒಂದು ದಿನ ಒಬ್ಬ ವ್ಯಾಪಾರಿ ಬಂದ. ಹೂಜಿಯನ್ನು ಬೆರಳಿನಿಂದ ತಟ್ಟಿದ, ಅದು ಗಂಟೆಯಂತೆ ನುಡಿಯಿತು. ಬಾನಿಯನ್ನು ತಟ್ಟಿದ, ಅದು ದೊಪ್ಪೆಂದಿತು. ಇಂಥ ಕೈ ಇರುವವನು ಈ ಬಾನಿಗಳ ಜೊತೆಯಲ್ಲಿ ಯಾಕೆ ಬೇಯಬೇಕು, ಬೇರೆ ಆವಿಗೆ ಹಾಕಿದರೆ ಹೂಜಿಯೆಲ್ಲ ತನಗೇ ಇರಲಿ ಎಂದ. ಕುಂಬಾರನಿಗೆ ಆ ಮಾತು ಬೆಲ್ಲದ ನೀರಿನಂತೆ ಇಳಿಯಿತು. ಇಷ್ಟು ಕಾಲವೂ ಇಡೀ ಕೇರಿಯನ್ನು ಹೆಗಲ ಮೇಲೆ ಹೊತ್ತವನು ತಾನೇ ಎಂದು ಅವನಿಗೆ ಹೊಳೆಯಿತು. ಹಾಗೆ ಹೊಳೆದದ್ದೇ ತಡ, ಅದುವರೆಗೆ ನೋಯದಿದ್ದ ಹೆಗಲು ನೋಯತೊಡಗಿತು.

ಅವನು ಊರಾಚೆಯ ದಿಬ್ಬದ ಮೇಲೆ ತನ್ನದೇ ಆವಿಗೆ ಹಾಕಿದ. ಒಳಗೂ ಹೂಜಿ, ಹೊರಗೂ ಹೂಜಿ. ಬೆಂಕಿ ಆರಿದ ಮೇಲೆ ತೆಗೆದು ನೋಡಿದರೆ ಒಳಗಿನವು ಚೆನ್ನಾಗಿ ಬೆಂದಿದ್ದವು, ಅಂಚಿನ ಸಾಲು ಪೂರ್ತಿ ಬಿರಿದಿತ್ತು. ಅಲ್ಲಿ ಒಂದು ಕಡೆಯಿಂದ ಉರಿ, ಇನ್ನೊಂದು ಕಡೆಯಿಂದ ಗಾಳಿ. ತೆಳು ಮೈ ತಾಳಲಿಲ್ಲ. ಅಂಚಿನ ಸಾಲೇ ದಂಡ ಎಂದುಕೊಂಡ ಕುಂಬಾರ ಮುಂದಿನ ಸಲ ಅದನ್ನು ಇಡಲೇ ಇಲ್ಲ. ಆಗ ಅದರ ಒಳಗಿನ ಸಾಲು ಬಿರಿಯಿತು. ಅದನ್ನೂ ಬಿಟ್ಟ. ಕಣದಷ್ಟು ಅಗಲವಿದ್ದ ಆವಿಗೆ ಬಂಡಿಯ ಗಾಲಿಯಷ್ಟಾಯಿತು, ಗಾಲಿಯಷ್ಟಿದ್ದದ್ದು ಮೊರದಷ್ಟಾಯಿತು. ಮುಂದಿನ ಸಲ ಹೇಳಿ, ಸಾರಿನ ಗಡಿಗೆ ಇಳಿಸಿ ಒಲೆಯನ್ನೇ ಬಿಟ್ಟುಕೊಡುತ್ತೇನೆ ಎಂದು ಅವನ ಹೆಂಡತಿ ನಕ್ಕಳು.

ಕೊನೆಗೆ ಅವನು ಒಂದೇ ಒಂದು ಹೂಜಿಯನ್ನು ಇಟ್ಟು, ಸುತ್ತ ಬೆರಣಿ ಒಡ್ಡಿ, ಬೆಂಕಿ ಕೊಟ್ಟ. ಇನ್ನು ಅಂಚಿನ ಕಾಟವೇ ಇಲ್ಲ ಎಂದು ಹಿಗ್ಗಿದ. ಆ ಹೂಜಿ ನಾಲ್ಕೂ ಕಡೆಯಿಂದ ಬಿರಿಯಿತು. ವ್ಯಾಪಾರಿ ಗಾಡಿ ಹೊಡೆದುಕೊಂಡು ಬಂದ, ನೋಡಿದ, ಗಾಡಿ ತಿರುಗಿಸಿದ. ಅಷ್ಟು ಹಗುರಾದ ದಿನವನ್ನು ಅವನ ಎತ್ತುಗಳು ಹುಟ್ಟಿದಾಗಿನಿಂದ ಕಂಡಿರಲಿಲ್ಲವಂತೆ. ಅದನ್ನು ಆ ಎತ್ತುಗಳೇ ತಮ್ಮ ಹತ್ತಿರ ಹೇಳಿಕೊಂಡವು ಎಂದು ರೇವಣಯ್ಯನವರು ನಡುವೆ ಒಂದು ಮಾತು ಸೇರಿಸಿದರು.

ಇತ್ತ ಕೇರಿಯವರೂ ಸುಖವಾಗಿರಲಿಲ್ಲ. ಹೂಜಿಗೆಂದು ಬಂದವರೇ ಹೋಗುವಾಗ ಒಂದು ಬಾನಿಯನ್ನೂ ಕೊಳ್ಳುತ್ತಿದ್ದರು. ಹೂಜಿ ಇಲ್ಲವೆಂದು ಗೊತ್ತಾದ ಮೇಲೆ ಕೊಳ್ಳುವವರು ಆ ಕಡೆ ತಲೆ ಹಾಕುವುದನ್ನೇ ಬಿಟ್ಟರು.

ಕುಂಬಾರ ಒಂದು ಬೆಳಿಗ್ಗೆ ತಲೆ ತಗ್ಗಿಸಿಕೊಂಡು ಕೇರಿಗೆ ಬಂದ. ಎಲ್ಲರೂ ಆವಿಗೆ ಜೋಡಿಸುತ್ತಿದ್ದರು. ಮುದುಕಿ ಅಂಚಿನಲ್ಲಿ ಬಗ್ಗಿ ಬಾನಿ ಇಡುತ್ತಿದ್ದವಳು ಅವನನ್ನು ಕಂಡು ಸೊಂಟ ನೆಟ್ಟಗೆ ಮಾಡಿದಳು.

"ಏನೋ ದೊಡ್ಡ ಕುಂಬಾರ, ಮನೆಯಲ್ಲಿ ಎಮ್ಮೆ ಕಟ್ಟಿದೆಯೇನೋ? ಬಾನಿ ಬೇಕಿತ್ತೇ?"

"ಬಾನಿ ಬೇಕಜ್ಜಿ" ಎಂದ ಕುಂಬಾರ. "ಎಮ್ಮೆಗಲ್ಲ, ನನ್ನ ಹೂಜಿಗೆ."

ಮುದುಕಿಗೆ ಆ ಮಾತು ಎಷ್ಟು ತಿಳಿಯಿತೋ ಏನೋ. ನಡುವಿನ ಜಾಗ ಹಾಗೇ ಖಾಲಿ ಇದೆ, ನಿಂತು ನೋಡಬೇಡ, ಹಸಿ ಹೂಜಿ ಎಷ್ಟಿವೆಯೋ ಹೊತ್ತು ತಾ ಎಂದು ಗದರಿ, ಅವನು ದಾಟಿ ಒಳಗೆ ಹೋಗಲೆಂದು ತನ್ನ ಬಾನಿಯೊಂದನ್ನು ಪಕ್ಕಕ್ಕೆ ಸರಿಸಿದಳು.

ಕತೆ ಕೇಳಿ ಬೀರಲಿಂಗ ಮನಸಾರೆ ನಕ್ಕ. ನಗು ತೀರಿದ ಮೇಲೆ ಅವನಿಗೆ ಸಭೆಯ ನೆನಪಾಯಿತು. ಅದೆಲ್ಲ ಮಣ್ಣಿನ ಮಾತು, ಉಣ್ಣೆಯನ್ನು ಯಾರು ಸುಡುತ್ತಾರೆ ಎಂದ. ಮಿಕ್ಕವರೆಲ್ಲ ಗಟ್ಟಿ ಕೈಯವರು, ಒಬ್ಬ ಕೆಂಚವ್ವನನ್ನು ಬಿಟ್ಟರೆ ಸಂಘವೇನೂ ಬಿರಿಯುವುದಿಲ್ಲ, ಇದೊಂದು ಸಲ ಮಾತ್ರ, ಇನ್ನು ಮೇಲೆ ಯಾರನ್ನೂ ಬಿಡುವುದಿಲ್ಲ ಎಂದು ಒಂದೇ ಉಸಿರಿನಲ್ಲಿ ವಾದಿಸಿದ. ವ್ಯಾಪಾರಿ ಇನ್ನೊಮ್ಮೆ ಬಂದು ಇನ್ನೊಂದು ನೂಲನ್ನು ತೋರಿಸಿದರೆ ತಾನು ಏನು ಹೇಳುವುದೆಂದು ಮಾತ್ರ ಹೇಳಲಿಲ್ಲ.

ರೇವಣಯ್ಯನವರು ಸಿಟ್ಟಾಗಲಿಲ್ಲ. ಅವನ ಹೆಗಲ ಮೇಲೆ ಅಂಟಿದ್ದ ಉಣ್ಣೆಯ ಎಳೆಯೊಂದನ್ನು ಬೆರಳಿನಿಂದ ತೆಗೆದರು.

"ಆಗಲಿ ತಮ್ಮಾ, ಅವಳನ್ನು ಬಿಡು. ಕೆಂಚವ್ವ ಹೋದ ಮೇಲೆ ಅಂಚಿಗೆ ಬರುವವರು ಯಾರು, ಆ ಹೆಸರನ್ನು ಮಾತ್ರ ಹೇಳಿ ಹೋಗು."

ಬೀರಲಿಂಗ ಬೆರಳು ಮಡಿಸಿ ಮಿಕ್ಕ ಕೈಗಳನ್ನು ಎಣಿಸಿದ. ಹೆಸರು ಸಿಕ್ಕಿತು; ಅದನ್ನು ಒಳಗೇ ಇಟ್ಟುಕೊಂಡು, ಸಭೆಗೆಂದು ಬಾಯಿಪಾಠ ಮಾಡಿದ್ದ ಮಾತನ್ನು ಮೊದಲಿನಿಂದ ಮರೆಯತೊಡಗಿದ.