ಮಲಗಿದ ಗೋಡೆ

ಹಳೆಯ ವಿಶ್ವವಿದ್ಯಾಲಯವೊಂದರಲ್ಲಿ ತರಗತಿಗಳಿಗೂ ಗ್ರಂಥಾಲಯಕ್ಕೂ ನಡುವೆ ಕಲ್ಲಿನ ಗೋಡೆಯೊಂದು ನಿಂತಿತ್ತು. ಪುಸ್ತಕ ಬೇಕಾದವರು ಅದನ್ನು ಸುತ್ತಿಕೊಂಡೇ ಹೋಗಬೇಕಿತ್ತು.

ಗ್ರಂಥಾಲಯದ ಕಂಬಗಳು ಬಿರುಕು ಬಿಟ್ಟಾಗ, ಅಲ್ಲೇ ಓದಿ ವ್ಯಾಪಾರದಲ್ಲಿ ಮೇಲೆ ಬಂದಿದ್ದ ನೀಲಗಂಗಮ್ಮ ದುರಸ್ತಿಯ ಖರ್ಚೆಲ್ಲ ತಮ್ಮದೆಂದರು. ಕಲ್ಲುಕುಟಿಗ ಅಡ್ಡಡ್ಡ ತಲೆಯಾಡಿಸಿದ. "ಹಣವಿದೆ ತಾಯಿ, ಕಲ್ಲಿಲ್ಲ. ಈ ಕಂಬಗಳಿಗೆ ಇದೇ ಬಣ್ಣದ ಕಲ್ಲು ಬೇಕು; ಅದನ್ನು ತೆಗೆದ ಕ್ವಾರಿ ನೀರು ತುಂಬಿ ಕೆರೆಯಾಗಿದೆ."

ಅದನ್ನು ಕೇಳಿಸಿಕೊಂಡ ಗೋಡೆ ಗ್ರಂಥಾಲಯಕ್ಕೆ ಹೇಳಿತು: "ಅಕ್ಕಾ, ನಾವಿಬ್ಬರೂ ಒಂದೇ ಬಂಡೆಯಿಂದ ಬಂದವರು. ನನ್ನನ್ನೇಕೆ ಕೇಳಲಿಲ್ಲ?"

"ಬಾಯಿ ಬರಲಿಲ್ಲ ತಮ್ಮಾ. ಕೊಟ್ಟರೆ ನೀನೇ ಉಳಿಯುವುದಿಲ್ಲ."

"ಉಳಿದು ಏನು ಮಾಡಿದೆ? ನಿನ್ನನ್ನು ಕಾಯುತ್ತೇನೆಂದು ಓದುವವರನ್ನೇ ದೂರವಿಟ್ಟೆ."

ಹೀಗೆಂದು ಗೋಡೆ ತನ್ನ ನೆತ್ತಿಯ ಕಲ್ಲೊಂದನ್ನು ಕುಟಿಗನ ಕಾಲಬುಡಕ್ಕೆ ಉರುಳಿಸಿತು. ಅವನು ಅದನ್ನೆತ್ತಿ ಕಂಬದ ಬಿರುಕಿಗೆ ಹಿಡಿದ. ಬಣ್ಣ ಬಣ್ಣಕ್ಕೆ ಕೂಡಿತು.

ಗೋಡೆ ಇಳಿಯಿತು, ಕಂಬಗಳು ಗಟ್ಟಿಯಾದವು. ಮಿಕ್ಕ ಕಲ್ಲುಗಳನ್ನು ನೀಲಗಂಗಮ್ಮ ತರಗತಿಗಳಿಂದ ಗ್ರಂಥಾಲಯದ ಬಾಗಿಲವರೆಗೆ ದಾರಿಯಾಗಿ ಹಾಸಿಸಿದರು.

"ನಿಮ್ಮ ಹೆಸರು ಎಲ್ಲಿ ಕೆತ್ತಲಿ, ತಾಯಿ?" ಎಂದ ಕುಟಿಗ.

"ನಾನು ಕೊಟ್ಟದ್ದು ನನ್ನಲ್ಲಿ ಮಿಕ್ಕಿದ್ದ ಹಣವನ್ನು. ತನ್ನನ್ನೇ ಕೊಟ್ಟವನು ಇಲ್ಲಿ ಮಲಗಿದ್ದಾನೆ" ಎಂದ ನೀಲಗಂಗಮ್ಮ, ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು ಆ ದಾರಿಯಲ್ಲಿ ನಡೆದರು.

ಮರುದಿನ ವಿದ್ಯಾರ್ಥಿಗಳು ದಡದಡನೆ ಓಡಿಬಂದರು. "ನೋವಾಗುತ್ತದೆಯೇ ತಮ್ಮಾ?" ಎಂದಿತು ಗ್ರಂಥಾಲಯ.

"ನಿಂತಿದ್ದಾಗ ನನ್ನ ಹತ್ತಿರ ಯಾರೂ ಬರುತ್ತಿರಲಿಲ್ಲ ಅಕ್ಕಾ. ಈಗ ನನ್ನನ್ನು ಮುಟ್ಟದೆ ಯಾರೂ ನಿನ್ನಲ್ಲಿಗೆ ಬರಲಾರರು."